ಮೇಡಮ್ ಬೆನ್ನ ಹಿಂದೆ ನಾನು ಕಂಡದ್ದು

ನಾನೊಂದು ನಕಾಶೆ. ಮುದ್ರಣಾಲಯದಲ್ಲಿ ಬಣ್ಣ ಬಳಿದು, ಹಿಂದೆ ಬಟ್ಟೆ ಅಂಟಿಸಿ, ಮೇಲೊಂದು ಕೆಳಗೊಂದು ಕೋಲು ಜಡಿದು ನನ್ನನ್ನು ಹುಟ್ಟಿಸಿದರು. ಮೈತುಂಬ ಹಳೆಯ ಅಮೆರಿಕಾ: ಇಂಗ್ಲಿಷರು ಸಮುದ್ರ ದಾಟಿ ಬಂದು ನೆಲೆಯೂರಿದ ವಸಾಹತುಗಳು, ಹೊಗೆಸೊಪ್ಪಿನ ಹೊಲಗಳು, ಹಡಗುಕಟ್ಟೆಗಳು. ಬಂದು ಸೇರಿದ್ದು ಧಾರವಾಡದ ಒಂದು ಕಾಲೇಜಿನ ಇತಿಹಾಸ ವಿಭಾಗ. ಅಲ್ಲೇ ಸುಮ್ಮನೆ ತೂಗಾಡಿಕೊಂಡು ಇರಬಹುದಿತ್ತು. ನನ್ನ ಹಣೆಯಲ್ಲಿ ಅದು ಬರೆದಿರಲಿಲ್ಲ!

ಇಂಗ್ಲಿಷ್ ವಿಭಾಗದಲ್ಲಿ ಅಮೆರಿಕಾದ ಸಾಹಿತ್ಯ ಕಲಿಸುವ ಮಂದಾಕಿನಿ ಮೇಡಮ್ ವಾರವಾರವೂ ಬಂದು ನನ್ನನ್ನು ಸುರುಳಿ ಸುತ್ತಿ, ಕಂಕುಳಲ್ಲಿ ಇರುಕಿಕೊಂಡು ಹೊರಡುತ್ತಿದ್ದರು. ಇತಿಹಾಸದ ಹಂಪಿಹೊಳಿ ಸರ್ ಗೊಣಗುತ್ತಿದ್ದರು, "ಕವಿತಾ ಹೇಳಾಕ ನಕಾಶಿ ಯಾಕ್ರೀ ಮೇಡಮ್?"

"ಬರದವ್ರು ಯಾವ ನೆಲದ ಮ್ಯಾಲೆ ನಿಂತು ಬರದ್ರು ಅಂತ ತೋರಸ್ಬೇಕಲ್ರೀ ಸರ್."

ಒಳ್ಳೆಯ ಮಾತೇ. ಪಾದ್ರಿಗಳ ಪ್ರವಚನ ಓದುವಾಗ ಮೇಡಮ್ ಕೈಯ ಕೋಲು ನನ್ನ ಉತ್ತರದ ಊರುಗಳ ಮೇಲೆ. ಗುಲಾಮರು ಬರೆದ ಆತ್ಮಕಥೆ ಓದುವಾಗ ದಕ್ಷಿಣದ ಹೊಲಗಳ ಮೇಲೆ. ಆದರೆ ಅವರ ಮುಖ ನನ್ನ ಕಡೆ, ಬೆನ್ನು ಹುಡುಗರ ಕಡೆ. "ಗುಲಾಮರು" ಎಂಬ ಮಾತು ಬಂದದ್ದೇ ತಡ, ತರಗತಿಯ ಮುಖಗಳೆಲ್ಲ ಗಿರಕ್ಕನೆ ಹಿಂದಿನ ಬೆಂಚಿನತ್ತ ತಿರುಗುತ್ತಿದ್ದವು. ಅಲ್ಲಿ ಕೂರುತ್ತಿದ್ದವಳು ಹಳಿಯಾಳ ಕಡೆಯ ಸಿದ್ದಿ ಹುಡುಗಿ ಜುಲಿಯಾನಾ. ಅವಳ ಹಿರಿಯರನ್ನು ಎಂದೋ ಆಫ್ರಿಕಾದಿಂದ ದುಡಿಸಲೆಂದು ಹಡಗಿನಲ್ಲಿ ಹೊತ್ತು ತಂದಿದ್ದರು. ಹುಡುಗಿ ತಲೆ ಎತ್ತುತ್ತಿರಲಿಲ್ಲ. ಅಯ್ಯೋ, ನನ್ನ ಸಂಕಟ ಕೇಳಬೇಡಿ! ಗಾಳಿ ಬಂದಾಗಲೆಲ್ಲ ಗೋಡೆಗೆ ಪಟಪಟ ಬಡಿದುಕೊಂಡೆ. ಮೇಡಮ್ ಕಿಟಕಿ ಮುಚ್ಚಿಸಿದರು.

ಜುಲಿಯಾನಾ ಬರುವುದನ್ನೇ ನಿಲ್ಲಿಸಿದಳು. ಕಾಲೇಜನ್ನೇ ಬಿಡುತ್ತಾಳಂತೆ ಎಂಬ ಸುದ್ದಿಯೂ ಬಂತು. ಮೇಡಮ್ ಅವಳನ್ನು ನಾನಿನ್ನೂ ತೂಗಾಡುತ್ತಿದ್ದ ಖಾಲಿ ತರಗತಿಗೆ ಕರೆಸಿ ಕೇಳಿದರು, "ಯಾಕವಾ, ಪಾಠ ತಿಳೀವಲ್ದೇನು?"

"ತಿಳೀತದ್ರಿ. ನೀವು ನಕಾಶಿ ಕಡೆ ಮಾರಿ ಮಾಡ್ತೀರಿ, ಅವ್ರೆಲ್ಲಾ ನನ್ನ ಕಡೆ ಮಾಡ್ತಾರ್ರಿ."

ಮೇಡಮ್ ಬೆಂಚಿನ ಮೇಲೆ ಕುಸಿದು ಕೂತರು. "ನಂಗ ಗೊತ್ತಾಗ್ಲೇ ಇಲ್ಲಲ್ಲವಾ. ನಾಳೆ ಒಂದಿನ ಬಾ. ಕೋಲು ನೀ ಹಿಡಿ, ನಿನ್ನ ಜಾಗಾದಾಗ ನಾ ಕೂಡ್ತೀನಿ."

ಮರುದಿನ ಬಂದಳು. ಕೋಲು ನನ್ನ ಹೊಲಗಳ ಮೇಲಿತ್ತು, ಮುಖ ತರಗತಿಯ ಕಡೆ.

"ಇಲ್ಲಿ ಗುಲಾಮ್ರು ಇದ್ರು. ಅವ್ರನ್ನ ಕೊಂಡ ಸಾವಕಾರ್ರೂ ಇಲ್ಲೇ ಇದ್ರು. ಗುಲಾಮ್ರು ಅಂದ ಕೂಡ್ಲೆ ನೀವೆಲ್ಲಾ ನನ್ನ ನೋಡ್ತೀರಿ. ಸಾವಕಾರ್ರು ಅಂದ್ರ ಯಾರನ್ನ ನೋಡ್ತೀರಿ?"

ಯಾರೂ ಯಾರನ್ನೂ ನೋಡಲಿಲ್ಲ. ಹಿಂದಿನ ಬೆಂಚಿನಲ್ಲಿ ಮೇಡಮ್ ಕೂಡ ತಲೆ ತಗ್ಗಿಸಿದ್ದರು.

ಜುಲಿಯಾನಾ ಕಾಲೇಜು ಬಿಡಲಿಲ್ಲ. ನಾನೀಗ ಅಂಚು ಹರಿದು, ಕಪಾಟಿನ ಮೇಲೆ ಸುರುಳಿಯಾಗಿ ಬಿದ್ದಿದ್ದೇನೆ. ಜೀವಮಾನವಿಡೀ ಊರು ತೋರಿಸಿದೆ, ಹೊಳೆ ತೋರಿಸಿದೆ; ಎದುರಿಗೇ ಕಂಡದ್ದನ್ನು ಹೇಳಲು ನನಗೆ ಬಾಯಿರಲಿಲ್ಲ. ಬಾಯಿದ್ದವರು ಆ ತರಗತಿಯಲ್ಲಿ ಅಷ್ಟು ಜನರಿದ್ದರಲ್ಲ, ಅವರಿಗೇನಾಗಿತ್ತು? ಅದನ್ನೇ ನೆನೆದು ಇವತ್ತಿಗೂ ನನಗೆ ನಿದ್ದೆ ಹತ್ತುವುದಿಲ್ಲ.