ಬೇಕರಿ ಮಾಳಿಗೆಯಿಂದ ಕಂಡ ಗೆಲಾಕ್ಸಿ

ಬೇಕರಿಯಮ್ಮನ ಸೊಸೆ ಖಗೋಳವಿಜ್ಞಾನಿ. ಮದುವೆಯಾಗಿ ಬಂದ ಹೊಸತರಲ್ಲಿ ಅತ್ತೆ, ಅಷ್ಟೊಂದು ನಕ್ಷತ್ರಗಳಲ್ಲಿ ನಿನ್ನದು ಯಾವುದಮ್ಮ ಎಂದು ಕೇಳಿದ್ದರು. ತನ್ನದು ನಕ್ಷತ್ರವಲ್ಲ, ಬಹು ದೂರದ ಒಂದು ಗೆಲಾಕ್ಸಿ. ಅದರ ನಡುವೆ ಕೂತ ಕಪ್ಪುಕುಳಿ ಸುತ್ತಲಿನ ಅನಿಲವನ್ನು ನುಂಗುವಾಗ ಬೆಳಕು ಒಮ್ಮೆ ಏರುತ್ತದೆ, ಒಮ್ಮೆ ಇಳಿಯುತ್ತದೆ. ಆ ಏರಿಳಿತ ಅಳೆಯುವುದೇ ತನ್ನ ಕೆಲಸ ಎಂದು ಸೊಸೆ ಬಿಡಿಸಿ ಹೇಳಿದ್ದಳು. ಅತ್ತೆ ಎಲ್ಲವನ್ನೂ ಕೇಳಿ, ಅದಕ್ಕೆ ಮಿಣುಕಮ್ಮ ಎಂದು ಹೆಸರಿಟ್ಟರು. ಅಂದಿನಿಂದ ಆ ಮನೆಯಲ್ಲಿ ಮಿಣುಕಮ್ಮನ ಯೋಗಕ್ಷೇಮವನ್ನು ನೆಂಟರದ್ದನ್ನು ವಿಚಾರಿಸಿದಂತೆಯೇ ವಿಚಾರಿಸುವುದು ರೂಢಿಯಾಯಿತು.

ಆ ವರ್ಷ ಮಿಣುಕಮ್ಮ ಇದ್ದಕ್ಕಿದ್ದಂತೆ ಭಗ್ಗನೆ ಹೊತ್ತಿ, ತಿಂಗಳೊಳಗೆ ಮಂಕಾದಳು. ಅಲ್ಲಿಗೆ ಮುಗಿಯಿತು ಎಂದರು ಎಲ್ಲರೂ. ಸೊಸೆ ಒಪ್ಪಲಿಲ್ಲ. ಮೊದಲ ಉರಿಯ ಹೊಡೆತ ಹೊರಗಿನ ಅನಿಲಕ್ಕೆ ತಾಕುವ ಹೊತ್ತಿಗೆ ಇನ್ನೊಮ್ಮೆ, ಇನ್ನೂ ಜೋರಾಗಿ ಹೊತ್ತಿಕೊಳ್ಳಲೇಬೇಕು ಎಂಬುದು ಅವಳ ವಾದ. ಅವಳು ಕೆಲಸ ಮಾಡುವ ವೀಕ್ಷಣಾಲಯದ ಸಭೆಯಲ್ಲಿ ಹಾಗೆಂದಾಗ ಕೆಲವರು ಮೂಗು ಮುರಿದರು. ಅಲ್ಲಿನ ನಿರ್ದೇಶಕರು ಕೆಟ್ಟವರಲ್ಲ, ಆದರೆ ಕಂಡದ್ದನ್ನು ಬಿಟ್ಟು ಬೇರೇನನ್ನೂ ನಂಬದವರು. ಅಳತೆ ತನ್ನಿ, ಆಮೇಲೆ ಮಾತು ಎಂದು ಎದ್ದರು.

ಅಳತೆ ತರುವುದೇ ಕಷ್ಟವಾಗಿತ್ತು. ಗೆಲಾಕ್ಸಿ ದಿನೇದಿನೇ ಪಡುವಣಕ್ಕೆ ಜಾರಿ, ಮುಳುಗುವ ಸೂರ್ಯನ ಬೆನ್ನು ಹತ್ತಿತ್ತು. ಇನ್ನೊಂದು ವಾರ ಕಳೆದರೆ ಸೂರ್ಯನ ಪ್ರಭೆಯಲ್ಲಿ ಮುಚ್ಚಿಹೋಗಿ ತಿಂಗಳುಗಟ್ಟಲೆ ಕಾಣುವಂತಿಲ್ಲ. ದೊಡ್ಡ ದೂರದರ್ಶಕ ಅಷ್ಟು ಕೆಳಕ್ಕೆ ಬಾಗಿದರೆ ಗುಮ್ಮಟದ ಗೋಡೆಯೇ ಅಡ್ಡ. ಉಗ್ರಾಣದಲ್ಲಿ ಚಿಕ್ಕದೊಂದು ದೂರದರ್ಶಕ ಕ್ಯಾಮೆರಾ ಸಮೇತ ಧೂಳು ತಿನ್ನುತ್ತಿತ್ತು. ಅದನ್ನು ಒಯ್ಯಲು ಒಪ್ಪಿಗೆಯೇನೋ ಸಿಕ್ಕಿತು. ಇಡುವುದೆಲ್ಲಿ?

ಊಟಕ್ಕೆ ಕೂತವಳು ತುತ್ತು ಕೈಯಲ್ಲೇ ಹಿಡಿದು ಯೋಚಿಸುತ್ತಿದ್ದುದನ್ನು ಕಂಡು ಅತ್ತೆ ವಿಷಯ ಕೇಳಿದರು.

"ನಮ್ಮ ಬೇಕರಿ ಮಾಳಿಗೆ ಇಲ್ವೇನೇ? ಅಲ್ಲಿಂದಾಚೆ ಕೆರೆ ಬಿಟ್ರೆ ಬರೀ ಆಕಾಶ."

"ಒಲೆಯ ಬಿಸಿಗಾಳಿ ಎದ್ರೆ ಚಿತ್ರ ನಡುಗುತ್ತೆ ಅತ್ತೆ."

"ಹಾಗಾದ್ರೆ ಸಂಜೆ ಒಲೆ ಹಚ್ಚಲ್ಲ. ಒಂದು ವಾರ ಬಿಸಿ ಬನ್ನು ಸಿಗದಿದ್ರೆ ಊರೇನೂ ಮುಳುಗಲ್ಲ."

ಮರುದಿನ ಗಂಡ ದೂರದರ್ಶಕದ ಪೆಟ್ಟಿಗೆಗಳನ್ನು ಮೇಲೆ ಹೊತ್ತು ಹಾಕಿದ. ಸೂರ್ಯ ಮುಳುಗಿ ಕೆರೆಯ ಕೆಂಪು ಕರಗಿತು. ಸೊಸೆ ದೂರದರ್ಶಕ ತಿರುಗಿಸುವಷ್ಟರಲ್ಲಿ ಎದುರಿನ ಗ್ಯಾರೇಜಿನ ದೊಡ್ಡ ದೀಪ ಹತ್ತಿಕೊಂಡು, ಚಿತ್ರವೆಲ್ಲ ಹಾಲು ಚೆಲ್ಲಿದಂತಾಯಿತು. ಅವಳು ಏನೇನೋ ಮರೆಮಾಡಿ ನೋಡಿದಳು. ಮಿಣುಕಮ್ಮ ಕಾಣದೆಯೇ ಮುಳುಗಿದಳು. ಒಂದು ಸಂಜೆ ಹಾಳು. ಸೊಸೆಯ ಮುಖ ಸಪ್ಪೆಯಾಯಿತು.

ಮರುದಿನ ಅತ್ತೆ ಅಂಗಡಿಯನ್ನು ಮಗನಿಗೆ ಒಪ್ಪಿಸಿ ಬೀದಿಗಿಳಿದರು. ಔಷಧದಂಗಡಿಯವನು ಹೊರಗಿನ ಬೋರ್ಡಿನ ದೀಪ ಆರಿಸಲು ಕೂಡಲೇ ಒಪ್ಪಿದ. ಗ್ಯಾರೇಜಿನವನು ಮಾತ್ರ ಹೊಸ ಟೈರುಗಳ ಕಾವಲಿನ ನೆಪ ತೆಗೆದ.

"ಅರ್ಧ ಗಂಟೆ ಕತ್ತಲಾದ್ರೆ ನಿನ್ನ ಟೈರಿಗೆ ರೆಕ್ಕೆ ಬರುತ್ತಾ? ಬೇಕಾದ್ರೆ ನಾನೇ ಅವುಗಳ ಮೇಲೆ ಕೂತಿರ್ತೀನಿ," ಎಂದರು ಅತ್ತೆ.

ನಿಜಕ್ಕೂ ಕೂತರು. ಸಂಜೆ ಬೀದಿ ಕತ್ತಲಾದಾಗ ಬೇಕರಿಯಮ್ಮ ಟೈರಿನ ರಾಶಿಯ ಮೇಲೆ ಸೆರಗು ಹೊದ್ದು ಮಹಾರಾಣಿಯಂತೆ ವಿರಾಜಮಾನರಾಗಿದ್ದರು.

ಮೇಲೆ ಸೊಸೆ ಉಸಿರು ಬಿಗಿಹಿಡಿದು ಒಂದರ ಹಿಂದೊಂದು ಚಿತ್ರ ತೆಗೆದಳು. ಅಷ್ಟು ಕೆಳಗೆ ಗಾಳಿಯ ಮಬ್ಬು ದಟ್ಟ. ಗೆಲಾಕ್ಸಿಯೊಂದನ್ನೇ ನೋಡಿದರೆ ಮೋಸಹೋಗುವುದು ಖಂಡಿತ. ಅದಕ್ಕೇ ಪಕ್ಕದ ಮೂರು ನಕ್ಷತ್ರಗಳ ಜೊತೆ ತೂಗಿ ನೋಡಿದಳು. ಮಬ್ಬು ಎಲ್ಲಕ್ಕೂ ಒಂದೇ. ನಕ್ಷತ್ರಗಳು ತಮ್ಮತಮ್ಮಲ್ಲಿ ಇದ್ದ ಹಾಗೇ ಇದ್ದವು. ಮಿಣುಕಮ್ಮ ಮಾತ್ರ ಹಿಂದಿನ ಅಳತೆಯ ಎರಡರಷ್ಟಕ್ಕೂ ಮೇಲೇರಿದ್ದಳು. ಮೊದಲ ಸಲದ ಉರಿಯನ್ನೂ ಮೀರಿಸಿದ್ದಳು. ಸೊಸೆ ಮತ್ತೆ ಲೆಕ್ಕ ಹಾಕಿದಳು. ಲೆಕ್ಕ ಅಲುಗಲಿಲ್ಲ.

ಫೋನಿನಲ್ಲಿ ನಿರ್ದೇಶಕರು ಸುದೀರ್ಘವಾಗಿ ಪ್ರಶ್ನೆ ಕೇಳಿದರು. ಕೊನೆಗೆ, ದೂರದ ದೇಶವೊಂದರಲ್ಲಿ ಇನ್ನೂ ಸಂಜೆಯಾಗಿಲ್ಲ, ಅಲ್ಲಿನ ಒಂದು ದ್ವೀಪದಲ್ಲಿ ಕೆಳಮಟ್ಟಕ್ಕೂ ಬಾಗುವ ದೂರದರ್ಶಕವಿದೆ, ಅವರಿಗೆ ಹೇಳುತ್ತೇನೆ, ಆದರೆ ನಿಮ್ಮ ಅಂಕಿ ಅವರಿಗೆ ಕೊಡುವುದಿಲ್ಲ, ಅವರೇ ಅಳೆಯಲಿ ಎಂದರು. ಇವಳೂ ಅದನ್ನೇ ಬಯಸಿದ್ದಳು.

ಬೆಳಿಗ್ಗೆ ಬ್ರೆಡ್ಡಿಗೆ ಜನ ಮುತ್ತಿದ್ದಾಗ ಸೊಸೆ ಗಲ್ಲಾದಲ್ಲಿ ಕೂತಿದ್ದಳು. ಮನಸ್ಸು ಎಲ್ಲೋ ಇತ್ತು. ಚಿಲ್ಲರೆ ಬದಲು ಬಿಸ್ಕತ್ತು ಕೊಟ್ಟು ಬೈಸಿಕೊಂಡಳು. ಆಗ ನಿರ್ದೇಶಕರು ಖುದ್ದಾಗಿ ಒಳಗೆ ಬಂದರು. ಗಿರಾಕಿಗಳ ಸಾಲನ್ನು ದಾಟಲು ಸಂಕೋಚಪಟ್ಟು ಸಾಲಿನಲ್ಲೇ ನಿಂತು, ತಮ್ಮ ಸರದಿ ಬಂದಾಗ ಮಾತಾಡಿದರು.

"ದ್ವೀಪದವರದ್ದೂ ಅದೇ ಅಂಕಿ. ಇನ್ನೂ ಒಂಚೂರು ಜಾಸ್ತೀನೇ, ಏರ್ತಾ ಇದೆ. ನಾನು ನಂಬಿರಲಿಲ್ಲ, ನೀವು ಹೇಳಿದ್ದೇ ಸರಿ."

ಅತ್ತೆ ಬ್ರೆಡ್ಡು ಕೊಯ್ಯುವ ಚಾಕು ಕೆಳಗಿಟ್ಟು, ಹಿಟ್ಟು ಮೆತ್ತಿದ ಕೈಯಲ್ಲೇ ಸೊಸೆಯನ್ನು ಬಾಚಿ ತಬ್ಬಿಕೊಂಡರು. ಏನಾಯಿತೆಂದು ತಿಳಿಯದೆಯೂ ಗಿರಾಕಿಗಳು ನಗತೊಡಗಿದರು.

ಮಧ್ಯಾಹ್ನದೊಳಗೆ ಸುದ್ದಿ ಹಬ್ಬಿ, ಎಲ್ಲೆಲ್ಲಿಯ ದೂರದರ್ಶಕಗಳೋ ಆ ಪಡುವಣದ ಮೂಲೆಗೆ ತಿರುಗಿದವು. ಮೂಗು ಮುರಿದವರೇ ಅಂಕಿ ಕೇಳಿ ಫೋನು ಮಾಡಿದರು. ಸಂಜೆ ಬೀದಿಗೆ ಬೀದಿಯೇ ಹೇಳಿಸಿಕೊಳ್ಳದೆ ಕತ್ತಲಾಯಿತು. ಮಾಳಿಗೆ ತುಂಬ ಜನ. ಕ್ಯಾಮೆರಾ ಪರದೆಯ ಮೇಲಿನ ಚುಕ್ಕೆ ನೋಡಿ ಗ್ಯಾರೇಜಿನವನು, "ಇಷ್ಟೇನಾ?" ಎಂದ. ಆ ಬೆಳಕು ಹೊರಟಾಗ ಭೂಮಿಯ ಮೇಲೆ ಮನುಷ್ಯನೇ ಇರಲಿಲ್ಲ ಎಂದಳು ಸೊಸೆ. ಅವನು ಹಿಂದಿದ್ದವರಿಗೆ ಜಾಗ ಬಿಡದೆ ಇನ್ನಷ್ಟು ಬಾಗಿ ನೋಡಿದ.

ಅತ್ತೆ ಜಂಬದಿಂದ ಎಲ್ಲರಿಗೂ ವಿವರಿಸುತ್ತಿದ್ದರು, ಅರ್ಧ ತಪ್ಪಾಗಿ. ಸೊಸೆ ತಿದ್ದಲು ಹೋಗಲಿಲ್ಲ. ಅಂದಿನ ಅಂಕಿ ನಿನ್ನೆಗಿಂತಲೂ ಮೇಲಿತ್ತು. ಅವಳು ಅದನ್ನು ಜೋರಾಗಿ ಓದಿ ಹೇಳಿದಳು.