ಓಡಬಾರದ ದಿನ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಹೆಂಡತಿ ಹೇಳುತ್ತಾಳೆ. ಮೂವತ್ತೊಂದು ವರ್ಷ ಶಾಲೆಯ ಮೈದಾನದಲ್ಲಿ ಮಕ್ಕಳನ್ನು ಓಡಿಸಿದವನ ಕೋಪ ಇನ್ನೆಲ್ಲಿರಬೇಕು? ನಿವೃತ್ತನಾದ ಮೇಲೂ ಬೀದಿಯವರಿಗೆಲ್ಲ ನಾನು ಡ್ರಿಲ್ ಮೇಷ್ಟ್ರೇ. ಹಾಗಿರುವಾಗ ಮಗಳು ಒಂದು ಭಾನುವಾರ ಹೊಟ್ಟೆ ಜೋಲುಬಿದ್ದ ನಾಯಿಯೊಂದನ್ನು ತಂದು, "ಅಪ್ಪಾ, ಹತ್ತು ವಾರದಲ್ಲಿ ಇದನ್ನ ಓಡೋ ಹಾಗೆ ಮಾಡ್ಕೊಡ್ತೀಯಾ?" ಎಂದಾಗ ನಾನು ಉಬ್ಬಿಹೋದೆ. ಅವಳು ನನ್ನನ್ನು ಏನಾದರೂ ಕೇಳಿ ಹದಿನಾಲ್ಕು ವರ್ಷವಾಗಿತ್ತು.

ನಾಯಿ ಬೆರಕೆ ತಳಿಯದು. ತಾಯಿ ಓಟದ ನಾಯಿ, ತಂದೆ ಕುರಿ ಕಾಯುವ ನಾಯಿ. ಉದ್ದ ಕಾಲು, ಕಿರಿದಾದ ಸೊಂಟ ಎಲ್ಲ ಇದ್ದವು, ಆದರೆ ಅದು ಎರಡು ವರ್ಷ ಯಾರದೋ ಮನೆಯ ಸೋಫಾದ ಮೇಲೆ ಬಿದ್ದುಕೊಂಡು ಬೆಳೆದಿತ್ತು. ಆಗಲೇ ಅದಕ್ಕೆ ಕಡ್ಡಿ ಎಂದು ಹೆಸರಿಟ್ಟಿದ್ದರು, ಹೆಸರಿಟ್ಟವರಿಗೆ ಕಣ್ಣು ಕಾಣುತ್ತಿರಲಿಲ್ಲವೇನೋ. ಮಗಳು ಸಸಿಗಳನ್ನು ಬೆಳೆಸುವ ಒಂದು ದೊಡ್ಡ ತೋಟದ ಮೇಲ್ವಿಚಾರಕಿ. ಸಸಿ ನೆಡುವ ಕಾಲ ಬಂದರೆ ಸಾಕು, ಮೊಲಗಳು ಸಾಲುಸಾಲಾಗಿ ಚಿಗುರು ಕತ್ತರಿಸಿ ಹೋಗುತ್ತವೆ. ಅವುಗಳನ್ನು ಬೇಲಿಯಾಚೆ ಅಟ್ಟುವುದು ಕಡ್ಡಿಯ ಕೆಲಸವಾಗಬೇಕಿತ್ತು.

ಅವಳು ಒಂದು ಹಾಳೆಯನ್ನೂ ಬರೆದು ತಂದಿದ್ದಳು, ಅದನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದಳು. ಮೊದಲ ಮೂರು ವಾರ ಗಟ್ಟಿ ರಸ್ತೆಯ ಮೇಲೆ ಬರೀ ನಡಿಗೆ, ಅಂಗಾಲು ಗಟ್ಟಿಯಾಗಲಿ ಎಂದು. ಆಮೇಲೆ ಸೈಕಲ್ ಪಕ್ಕದಲ್ಲಿ ಸಣ್ಣ ಓಟ. ಆಮೇಲೆ ದಿಬ್ಬ ಹತ್ತುವುದು. ಏಳನೇ ವಾರದಿಂದ ವಾರಕ್ಕೆ ಎರಡು ದಿನ ಮಾತ್ರ ಪೂರ್ತಿ ಓಟ, ಮಾರನೆಯ ದಿನ ಕಡ್ಡಾಯ ವಿಶ್ರಾಂತಿ. "ಓಡಬಾರದ ದಿನ" ಎಂಬ ಮಾತಿನ ಕೆಳಗೆ ಅವಳು ಎರಡು ಗೆರೆ ಎಳೆದಿದ್ದಳು.

"ಯಾಕೆ, ನನಗೆ ಓದೋಕೆ ಬರಲ್ವಾ?" ಎಂದೆ.

"ಬರುತ್ತೆ. ಆದ್ರೆ ಇದು ತಾನಾಗಿ ನಿಲ್ಲಲ್ಲ ಅಪ್ಪಾ. ನೋವಾದ್ರೂ ಓಡುತ್ತೆ. ನಿಲ್ಲಿಸ್ಬೇಕಾದೋರು ನಾವು."

ಅವಳು ಅದನ್ನು ಸಹಜವಾಗಿಯೇ ಹೇಳಿದಳು. ನಾನೇ ಮುಖ ತಿರುಗಿಸಿದೆ.

ಯಾಕೆಂದು ಹೇಳಿಬಿಡುತ್ತೇನೆ. ಹದಿನೇಳನೇ ವಯಸ್ಸಿನಲ್ಲಿ ಅವಳು ನನ್ನ ಕೈಕೆಳಗೆ ತಯಾರಾದ ಅತಿ ವೇಗದ ಓಟಗಾರ್ತಿ. ರಾಜ್ಯ ತಂಡದ ಆಯ್ಕೆಯ ಹಿಂದಿನ ವಾರ ಅಭ್ಯಾಸದ ಹೊತ್ತಿನಲ್ಲಿ ಅವಳು ಓಟ ಶುರುವಾಗುವ ಗೆರೆಯ ಬಳಿ ನಿಂತು, ಮೊಣಕಾಲಿನ ಕೆಳಗೆ ಮೂಳೆ ನೋಯುತ್ತಿದೆ ಎಂದಳು. ಗಾಳಿ ಜೋರಾಗಿತ್ತು, ಆದರೂ ನನಗೆ ಕೇಳಿಸಿತು. ನಾನು ಸೀಟಿ ಊದಿದೆ. ಕೊನೆಯ ತಿರುವಿನಲ್ಲಿ ಮೂಳೆ ಮುರಿಯಿತು. ಇವತ್ತಿಗೂ ಅವಳು ಸ್ವಲ್ಪ ಕುಂಟುತ್ತಾಳೆ. ಡಾಕ್ಟರಿಗೆ, ನೆಂಟರಿಗೆ, ಹೆಂಡತಿಗೆ ಎಲ್ಲರಿಗೂ ನಾನು ಹೇಳಿದ್ದು ಒಂದೇ ಮಾತು: "ಹಠಮಾರಿ ಹುಡುಗಿ, ನೋವಿದೆ ಅಂತ ಬಾಯಿ ಬಿಡಲೇ ಇಲ್ಲ." ಅವಳ ಎದುರಿಗೇ ಎಷ್ಟೋ ಸಲ ಹೇಳಿದ್ದೇನೆ. ಅವಳು ಅಲ್ಲವೆನ್ನಲಿಲ್ಲ. ಗಾಳಿಯಲ್ಲಿ ನನಗೆ ಕೇಳಿಸಲಿಲ್ಲವೆಂದೇ ನಂಬಿದ್ದಾಳೆ ಎಂದುಕೊಂಡು ನಾನೂ ತೆಪ್ಪಗಿದ್ದೆ.

ಕಡ್ಡಿಯ ವಿಷಯದಲ್ಲಿ ಎಂಟು ವಾರ ನಾನು ಹಾಳೆಯ ಗೆರೆ ದಾಟಲಿಲ್ಲ. ಬೆಳಗಾಗುತ್ತಲೇ ಹೊರಡುತ್ತಿದ್ದೆವು. ಮೂಲೆಯ ದರ್ಜಿ ಅಂಗಡಿ ತೆರೆಯುತ್ತಾ, "ಮೇಷ್ಟ್ರೇ, ಇದಕ್ಕೂ ಹಾಜರಿ ಹಾಕ್ತೀರಾ?" ಎಂದು ಕಾಲೆಳೆಯುತ್ತಿದ್ದ. "ಹಾಕ್ತೀನಿ. ನಿಮ್ಮ ಹಾಗೆ ದಿನಾ ತಡ ಮಾಡಲ್ಲ ಇದು" ಎನ್ನುತ್ತಿದ್ದೆ. ಮನೆಗೆ ಬಂದ ಮೇಲೆ ಕಡ್ಡಿಯನ್ನು ಮಲಗಿಸಿ ಬೆರಳುಗಳ ಸಂದು ಬಿಡಿಸಿ ನೋಡುವುದು, ಮುಂಗಾಲಿನ ಮಣಿಕಟ್ಟಿಗೆ ಅಂಗೈಯ ಹಿಂಭಾಗ ಇಟ್ಟು ಬಿಸಿಯಿದೆಯೇ ಎಂದು ನೋಡುವುದು. ಹೆಂಡತಿ ಕದ್ದು ಬ್ರೆಡ್ಡು ಹಾಕುತ್ತಿದ್ದುದನ್ನು ಹಿಡಿದು ರೇಗಿದೆ. ನೋಡನೋಡುತ್ತ ಹೊಟ್ಟೆ ಒಳಗೆ ಹೋಯಿತು, ತೊಡೆಯ ಸ್ನಾಯು ತುಂಬಿಕೊಂಡಿತು. ಆ ನಾಯಿಯ ಮೇಲೆ ನನಗೆ ನಿಜಕ್ಕೂ ಪ್ರೀತಿ ಬಂತು.

ಕೆಟ್ಟದ್ದು ಏನೆಂದರೆ ನಾನು ಸ್ಟಾಪ್‌ವಾಚ್ ತೆಗೆದೆ. ಹಾಳೆಯಲ್ಲಿ ಅದಿರಲಿಲ್ಲ. ಮೈದಾನದ ಒಂದು ಗೋಲು ಕಂಬದಿಂದ ಇನ್ನೊಂದಕ್ಕೆ ಕಡ್ಡಿ ಎಷ್ಟು ಸೆಕೆಂಡಿಗೆ ಓಡುತ್ತದೆ ಎಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯತೊಡಗಿದೆ. ಪ್ರತಿ ಸಲವೂ ಸಮಯ ಕಡಿಮೆಯಾಗುತ್ತಾ ಬಂತು. ಒಂಬತ್ತನೇ ವಾರದ ಮಂಗಳವಾರ ಮಾತ್ರ ಅರ್ಧ ಸೆಕೆಂಡು ಹೆಚ್ಚಾಯಿತು. ಮೂವತ್ತೊಂದು ವರ್ಷ ಅದನ್ನು ನಾನು ಸೋಮಾರಿತನವೆಂದೇ ಕರೆದವನು. ರಾತ್ರಿಯಿಡೀ ಆ ಅರ್ಧ ಸೆಕೆಂಡು ತಲೆ ತಿಂದಿತು.

ಬುಧವಾರ ಓಡಬಾರದ ದಿನ. ನಾನು ಬಾಗಿಲ ಬಳಿ ಹಗ್ಗ ಕೈಗೆತ್ತಿಕೊಂಡರೆ ಕಡ್ಡಿ ಬಾಲ ಅಲ್ಲಾಡಿಸುತ್ತ ಎದ್ದು ಬಂತು. "ನೋಡು, ಅದಕ್ಕೇ ಬೇಕಂತೆ" ಎಂದು ನನಗೆ ನಾನೇ ಹೇಳಿಕೊಂಡೆ. ಮೊದಲ ಎರಡು ಓಟ ಚೆನ್ನಾಗಿಯೇ ಆದವು. ಮೂರನೆಯದರಲ್ಲಿ ಸಮಯ ಕಡಿಮೆಯಾಯಿತು, ನಾನು ಚಪ್ಪಾಳೆ ತಟ್ಟಿದೆ. ಕಡ್ಡಿ ಹಿಂತಿರುಗಿ ಬರುವಾಗ ಬಲ ಮುಂಗಾಲನ್ನು ನೆಲಕ್ಕೆ ಸರಿಯಾಗಿ ಊರುತ್ತಿರಲಿಲ್ಲ. ಬಾಲ ಮಾತ್ರ ಆಡುತ್ತಲೇ ಇತ್ತು. ಮಣಿಕಟ್ಟು ಮುಟ್ಟಿ ನೋಡಿದೆ, ಕಾದಿತ್ತು.

ತಣ್ಣೀರು ಬಟ್ಟೆ ಕಟ್ಟಿ ಮಲಗಿಸಿದೆ. ಶನಿವಾರದ ಹೊತ್ತಿಗೆ ಅದು ನಾಲ್ಕೂ ಕಾಲೂರಿ ನಡೆಯುತ್ತಿತ್ತು, ನೋಡಿದವರಿಗೆ ಏನೂ ಗೊತ್ತಾಗುವಂತಿರಲಿಲ್ಲ. ಅಂಗೈಯ ಹಿಂಭಾಗಕ್ಕೆ ಮಾತ್ರ ಇನ್ನೂ ಬಿಸಿ ತಿಳಿಯುತ್ತಿತ್ತು. ಮೊಲದ ಕಾಟ ಒಂದು ವಾರ ಮುಂಚೆಯೇ ಶುರುವಾಯಿತೆಂದು ಮಗಳು ಮಾರನೆಯ ದಿನವೇ ಕರೆದೊಯ್ಯಲು ಬರುವವಳಿದ್ದಳು. ಸೋಮವಾರ ಕಡ್ಡಿ ತೋಟಕ್ಕಿಳಿಯಬೇಕಿತ್ತು.

"ಕುಂಟ್ತಾ ಇಲ್ವಲ್ಲ, ಸುಮ್ನಿರಿ" ಎಂದಳು ಹೆಂಡತಿ. "ಈಗಲಾದ್ರೂ ಅವಳು ನಿಮ್ಮ ಹತ್ರ ನಾಲ್ಕು ಮಾತಾಡ್ತಿದಾಳೆ. ಯಾಕೆ ಹಾಳು ಮಾಡ್ಕೋತೀರಿ?"

ಅದು ನನಗೂ ಗೊತ್ತಿತ್ತು. ಒಂಬತ್ತು ಭಾನುವಾರ ಅವಳು ಅಡುಗೆಮನೆಯ ಮೇಜಿಗೆ ಮೊಣಕೈ ಊರಿ ನನ್ನೊಡನೆ ಕಾಲು, ಉಗುರು, ಸ್ನಾಯು ಎಂದು ಹರಟಿದ್ದಳು. ಆ ಭಾನುವಾರಗಳು ಹೋಗಿಬಿಟ್ಟರೆ ಎಂಬ ಭಯದಲ್ಲಿ ನನಗೆ ಊಟ ಸೇರಲಿಲ್ಲ.

ಭಾನುವಾರ ಮಗಳು ಬಂದವಳೇ ಕಡ್ಡಿಯನ್ನು ಕಂಡು, "ಅಬ್ಬಾ! ಅಪ್ಪಾ, ಇದು ಅದೇ ನಾಯೀನಾ?" ಎಂದು ನಕ್ಕಳು. ಅವಳು ಹಾಗೆ ಮನಸಾರೆ ನಕ್ಕಿದ್ದನ್ನು ನಾನು ನೋಡಿ ಎಷ್ಟು ಕಾಲವಾಗಿತ್ತೋ. ಇನ್ನೊಂದು ಕ್ಷಣ ತಡೆದಿದ್ದರೆ ನಾನು ಹೇಳುತ್ತಲೇ ಇರಲಿಲ್ಲ.

"ಕರ್ಕೊಂಡು ಹೋಗ್ಬೇಡ" ಎಂದೆ. "ಬಲಗಾಲು ನೋವಾಗಿದೆ. ಬುಧವಾರ ನಾನು ಓಡಿಸ್ದೆ."

ನಗು ನಿಂತಿತು. ಅವಳು ಕೆಳಗೆ ಕೂತು ಮಣಿಕಟ್ಟು ಮುಟ್ಟಿ ನೋಡಿದಳು, ಮಡಿಸಿ ನೋಡಿದಳು.

"ನೀನು ಹೇಳ್ದೇ ಇದ್ದಿದ್ರೆ ನಾಳೆ ಬಿಟ್ಬಿಡ್ತಿದ್ದೆ" ಎಂದಳು. "ಮುರಿದೇ ಹೋಗ್ತಿತ್ತು."

"ತಪ್ಪಾಯ್ತು" ಎಂದೆ. ಅಲ್ಲಿಗೇ ನಿಲ್ಲಿಸಬಹುದಿತ್ತು, ಆದರೆ ಬಾಯಿ ಕಟ್ಟಿಹಾಕಲು ಆಗಲಿಲ್ಲ. "ಅವತ್ತು ನೀನೂ ಹೇಳಿದ್ದೆ. ನನಗೆ ಕೇಳ್ಸಿತ್ತು. ಕೇಳ್ಸಿಯೂ ಓಡಿಸ್ದೆ. ಇಷ್ಟು ವರ್ಷ ಎಲ್ರಿಗೂ ಸುಳ್ಳು ಹೇಳ್ದೆ."

ಒಲೆಯ ಬಳಿ ಹೆಂಡತಿ ತಿರುಗಿ ನಿಂತಳು. ಅವಳಿಗೆ ಅದು ಹೊಸ ಸುದ್ದಿ. ಮಗಳು ಮಾತ್ರ ನಾಯಿಯ ಕಾಲಿನಿಂದ ಕಣ್ಣೆತ್ತಲಿಲ್ಲ.

"ಗೊತ್ತು ಅಪ್ಪಾ" ಎಂದಳು. "ಸೀಟಿ ಬಾಯಿಗಿಟ್ಟೋನು ನೀನು ಒಂದು ಕ್ಷಣ ತಡೆದೆ. ಬೇಡ ಅಂತೀಯೇನೋ ಅಂತ ನಿನ್ನೇ ನೋಡ್ತಾ ನಿಂತಿದ್ದೆ."

ನನಗೆ ಅಳು ತಡೆಯಲಾಗಲಿಲ್ಲ. ನಾನು ಅತ್ತಿದ್ದನ್ನು ಆ ಮನೆಯಲ್ಲಿ ಯಾರೂ ನೋಡಿರಲಿಲ್ಲ. ಮಗಳು ಎದ್ದು ನನ್ನನ್ನು ಸಮಾಧಾನಪಡಿಸಲಿಲ್ಲ, ಎದ್ದು ಹೋಗಲೂ ಇಲ್ಲ. ಅಳು ನಿಲ್ಲುವವರೆಗೂ ನೆಲದ ಮೇಲೆಯೇ ಕೂತಿದ್ದಳು.

"ಮೊಲ?" ಎಂದೆ ಕಡೆಗೆ, ಬೇರೇನೂ ತೋಚದೆ.

"ಡಬ್ಬ ಬಡಿದು ಓಡಿಸ್ತೀನಿ." ಅವಳು ಕಡ್ಡಿಯನ್ನು ನನ್ನ ಕಡೆಗೆ ಮೆಲ್ಲಗೆ ತಳ್ಳಿದಳು. "ಇದು ಇಲ್ಲೇ ಇರ್ಲಿ. ಹತ್ತು ದಿನ ಮಲಗಿರ್ಲಿ, ಆಮೇಲೆ ನಡಿಗೆ. ಮುಂದಿನ ಭಾನುವಾರ ಬರ್ತೀನಿ, ನೋಡೋಣ."