ಸಾಕ್ಷಿ ಹುಚ್ಚಮ್ಮ

ಚೆನ್ನೈನ ಮಾಧವರಂನ ಆ ಅಪಾರ್ಟ್‌ಮೆಂಟಿನ ಗೇಟಿನ ಪಕ್ಕ ಒಂದು ಕರಿಹಲಗೆ ಇದೆ. ಅದರ ಮೇಲೆ ದಿನಕ್ಕೊಂದು ಒಳ್ಳೆಯ ಮಾತನ್ನು ತಮಿಳಿನಲ್ಲಿ ಬರೆಯುವ ಕೆಲಸ ಒಂಬತ್ತು ವರ್ಷದಿಂದ ರಾಮದಾಸರದು. ವಿಮಾ ಕಚೇರಿಯ ಕ್ಲೇಮು ವಿಭಾಗದಲ್ಲಿ ಮೂವತ್ತನಾಲ್ಕು ವರ್ಷ ಸವೆಸಿ ನಿವೃತ್ತರಾದ ಮನುಷ್ಯ. ಮನೆಮಾತು ಕನ್ನಡವಾದರೂ ಅವರ ತಮಿಳು ಅಕ್ಷರದ ಮುಂದೆ ತಮಿಳರೇ ನಾಚಬೇಕು. ಕೋಪ ಬೇಡ, ಹಿರಿಯರನ್ನು ಗೌರವಿಸಿ ಎಂದೆಲ್ಲ ಅವರು ಬರೆಯುತ್ತಿದ್ದರು. ಜನ ಆ ಹಲಗೆಯ ಮುಂದೆಯೇ ಸ್ಕೂಟರು ನಿಲ್ಲಿಸುವ ಜಾಗಕ್ಕೆ ಕಿತ್ತಾಡುತ್ತಿದ್ದರು. ಬುದ್ಧಿಮಾತು ಓದುವುದಕ್ಕೆ ಯಾರಿಗೆ ಪುರಸೊತ್ತು?

ಜೂನ್ ತಿಂಗಳ ಒಂದು ಗುರುವಾರ ಮಾತ್ರ ಎಲ್ಲರೂ ಓದಿದರು. ಹಲಗೆಯ ಮೇಲೆ ಹೀಗಿತ್ತು: “ನಮ್ಮ ಸಂಪಿನಲ್ಲಿ ಹೆಗ್ಗಣ ಸತ್ತುಬಿದ್ದು ನಾಲ್ಕು ದಿನವಾಗಿದೆ. ಕಾರ್ಯದರ್ಶಿ ಗುರುಚರಣರಿಗೆ ಇದು ಗೊತ್ತು. ಗೊತ್ತಿದ್ದೂ ಅದೇ ನೀರನ್ನು ಮೇಲಕ್ಕೆ ಬಿಡುತ್ತಿದ್ದಾರೆ. ಸಾಕ್ಷಿ: ಹುಚ್ಚಮ್ಮ, ಕಸ ಗುಡಿಸುವವರು.”

ಕೊನೆಯ ಸಾಲು ಕ್ಲೇಮು ವಿಭಾಗದ ಅಭ್ಯಾಸ. ಸಾಕ್ಷಿಯ ಹೆಸರಿಲ್ಲದ ಅರ್ಜಿಯನ್ನು ರಾಮದಾಸರು ಸರ್ವೀಸಿನಲ್ಲಿ ಒಂದು ದಿನವೂ ಮುಂದಕ್ಕೆ ಕಳಿಸಿದವರಲ್ಲ. ಹೆಸರು ಬರೆದು, ಕೆಳಗೊಂದು ಗೆರೆ ಎಳೆದು, ಸೀಮೆಸುಣ್ಣದ ಕೈ ಒರೆಸಿಕೊಂಡು ಕಾಫಿಗೆ ಹೋದರು.

ಹುಚ್ಚಮ್ಮ ಡೆಂಕಣಿಕೋಟೆ ಕಡೆಯ ಕನ್ನಡದ ಹೆಂಗಸು. ಹೆಗ್ಗಣವನ್ನು ಕಂಡವಳೇ ಮೊದಲು ಗುರುಚರಣರಿಗೆ ಹೇಳಿದ್ದಳು. ಅವರೂ ಕನ್ನಡದವರೇ, ಮದ್ರಾಸಿನಲ್ಲಿ ಮೂರು ತಲೆಮಾರು ಕಂಡ ಮನೆತನ, ಬ್ಯಾಂಕಿನಲ್ಲಿ ಮ್ಯಾನೇಜರಾಗಿದ್ದವರು. ಆದರೆ ಕಸ ಗುಡಿಸುವವಳ ಜೊತೆ ತಮಿಳಿನಲ್ಲೇ ಮಾತು. ಭಾನುವಾರ ಆಳು ಬರುತ್ತಾನೆ, ಅಲ್ಲಿಯತನಕ ಬಾಯಿ ಮುಚ್ಚಿಕೊಂಡಿರು ಎಂದಿದ್ದರು. ಸಂಪು ತೊಳೆಸಿಯಾಯಿತು ಎಂದು ಹಿಂದಿನ ತಿಂಗಳಷ್ಟೇ ನಿವಾಸಿಗಳ ವಾಟ್ಸಾಪ್ ಗುಂಪಿನಲ್ಲಿ ಯಾವಾಗಿನದೋ ಫೋಟೋ ಹಾಕಿ ಹೊಗಳಿಸಿಕೊಂಡಿದ್ದ ಮಹಾನುಭಾವ, ಈಗ ಹೆಗ್ಗಣ ಇದೆ ಎಂದು ಯಾವ ಬಾಯಲ್ಲಿ ಹೇಳಿಯಾರು? ಹುಚ್ಚಮ್ಮನಿಗೆ ಮನಸ್ಸು ತಡೆಯಲಿಲ್ಲ. ತನ್ನ ಜೊತೆ ಕನ್ನಡದಲ್ಲಿ ಮಾತಾಡುತ್ತಿದ್ದ ಒಂದೇ ಮನೆಯಾದ ರಾಮದಾಸರ ಬಾಗಿಲಿಗೆ ಬಂದು, ಆ ನೀರು ಕುಡಿಯಬೇಡಿ ಎಂದು ಮೆಲ್ಲಗೆ ಹೇಳಿ ಹೋಗಿದ್ದಳು.

ಬೆಳಿಗ್ಗೆ ಎಂಟು ಗಂಟೆಯೊಳಗೆ ಹಲಗೆ ಒರೆಸಲಾಯಿತು. ಅಷ್ಟರಲ್ಲಿ ಅದರ ಫೋಟೋ ಅರವತ್ತು ಮನೆಗೂ ತಲುಪಿತ್ತು. ಮೂರನೇ ದಿನ ರಾಮದಾಸರಿಗೆ ವಕೀಲರ ನೋಟೀಸು ಬಂತು: ಏಳು ದಿನದೊಳಗೆ ಅದೇ ಹಲಗೆಯ ಮೇಲೆ ಕ್ಷಮೆ ಬರೆಯಬೇಕು, ಇಲ್ಲವಾದರೆ ಮಾನನಷ್ಟದ ಮೊಕದ್ದಮೆ.

ಸತ್ಯ ಹೇಳಬೇಕೆಂದರೆ ಆ ನೋಟೀಸು ಕಂಡು ರಾಮದಾಸರಿಗೆ ಖುಷಿಯೇ ಆಯಿತು. ಯೂನಿಯನ್ ಕಾಲದ ರಕ್ತ ಮತ್ತೆ ಬಿಸಿಯಾಯಿತು. ಸಂವಿಧಾನದ ಪುಸ್ತಕ ತಂದು ಮಾತಿನ ಸ್ವಾತಂತ್ರ್ಯದ ಹತ್ತೊಂಬತ್ತನೇ ವಿಧಿಗೆ ಕೆಂಪು ಗೆರೆ ಎಳೆದರು. ಹಾಲಿನವನಿಗೂ ಬಿಡದೆ ನೋಟೀಸು ಓದಿ ಹೇಳಿದರು. ಜನ ತಿರುಗಿಬಿದ್ದಷ್ಟೂ ಅವರ ಎದೆ ಉಬ್ಬಿತು. ಬಾಡಿಗೆಯವರು ಓಡಿಹೋದರೆ ಈ ಮುದುಕ ಬಂದು ಇರುತ್ತಾನಾ ಎಂದು ಒಬ್ಬರು ಬರೆದರು. ಮನೆ ಮಾರಲು ಕೂತವರೊಬ್ಬರು ಬೈಗುಳಕ್ಕೇ ಇಳಿದರು. ಒಂದು ಬೆಳಿಗ್ಗೆ ಬಾಗಿಲು ತೆಗೆದರೆ ಹೊಸ್ತಿಲ ಮೇಲೆ ಕೊಳೆತ ಸೊಪ್ಪು, ಮುಸುರೆ ಸುರಿದಿತ್ತು. ಕೆಳಮನೆಯ ಅಜಿತ್ ಲಿಫ್ಟಿನಲ್ಲಿ ಸಿಕ್ಕಾಗ ಮಗುವಿಗೆ ವಾಂತಿ ನಿಂತಿಲ್ಲ, ನೀವು ಮಾಡಿದ್ದೇ ಸರಿ ಎಂದು ಪಿಸುಗುಟ್ಟಿದ. ಮನೆಗೆ ಹೋಗಿ ಗುಂಪಿನಲ್ಲಿ ಗುರುಚರಣರ ಮಾತಿಗೆ ಹೆಬ್ಬೆರಳು ಎತ್ತಿದ. ಇಂಥವರನ್ನು ನೋಡಿದರೆ ಮೈ ಉರಿಯುತ್ತದೆ.

ಹದಿನೆಂಟನೇ ದಿನ, ಭಾನುವಾರ, ಕಾರು ನಿಲ್ಲಿಸುವ ಜಾಗದಲ್ಲಿ ಸಭೆ ಸೇರಿತು. ರಾಮದಾಸರು ಎದ್ದು ನಿಂತರೆ ಕೂತುಕೊಳ್ಳಿ ಎಂದು ನಾಲ್ಕು ಕಡೆಯಿಂದ ಕೂಗು. ಅಷ್ಟು ವರ್ಷದಲ್ಲಿ ಮೊದಲ ಸಲ ಗುರುಚರಣ ಸಭೆಯಲ್ಲಿ ಕನ್ನಡದಲ್ಲಿ ಮಾತಾಡಿದರು, ಮುಖಕ್ಕೆ ಮುಖ ಕೊಟ್ಟು.

“ಹತ್ತೊಂಬತ್ತು ಓದ್ಕೊಂಡು ಬಂದಿದೀರಲ್ಲ, ಅದರ ಎರಡನೇ ಉಪವಿಧೀನೂ ಓದಿ ರಾಮದಾಸ್ ಸಾರ್. ಬಾಯಿಗೆ ಬಂದದ್ದೆಲ್ಲ ಹಕ್ಕಲ್ಲ. ಒಬ್ಬರ ಮಾನಕ್ಕೆ ಕೈ ಹಾಕೋ ಕಡೆ ನಿಮ್ಮ ಹಕ್ಕು ನಿಲ್ಲುತ್ತೆ.”

“ಓದಿದೀನಿ. ನಾಲ್ಕು ಜನರ ಒಳ್ಳೇದಕ್ಕೆ ನಿಜ ಹೇಳಿದ್ರೆ ಅದು ಮಾನಹಾನಿ ಅಲ್ಲ. ನಾನು ಬರ್ದಿದ್ರಲ್ಲಿ ಸುಳ್ಳು ಯಾವ್ದು, ಅದನ್ನ ಹೇಳಿ.”

ಹಾಗೆಂದು ಜೇಬಿನಿಂದ ಲ್ಯಾಬಿನ ಕಾಗದ ತೆಗೆದರು. ಆ ಗುರುವಾರವೇ ಅಡುಗೆಮನೆಯ ನಲ್ಲಿಯಿಂದ ಬಾಟಲಿಯಲ್ಲಿ ನೀರು ಹಿಡಿದು ಪರೀಕ್ಷೆಗೆ ಕೊಟ್ಟಿದ್ದರು. ಕುಡಿಯಲು ಯೋಗ್ಯವಲ್ಲ ಎಂದು ಅದರಲ್ಲಿ ದಪ್ಪಕ್ಷರದಲ್ಲಿತ್ತು. ಕಾಗದ ಕೈಯಿಂದ ಕೈಗೆ ದಾಟಿದಂತೆ ಕೂಗು ಗುರುಚರಣರ ಕಡೆ ತಿರುಗಿತು. ಮುಸುರೆ ಸುರಿದವರೇ ಜೋರಾಗಿ ಕೂಗಿದ್ದರೂ ಆಶ್ಚರ್ಯವಿಲ್ಲ. ನೋಟೀಸು ವಾಪಸಾಯಿತು. ಹಲಗೆಯ ಮೇಲೆ ನಿವಾಸಿಗಳು ಯಾರು ಬೇಕಾದರೂ ಬರೆಯಬಹುದು ಎಂದು ನಿರ್ಣಯವಾಯಿತು.

ರಾಮದಾಸರು ಗೆದ್ದ ಕುದುರೆಯ ಹಾಗೆ ಮೂರು ಮಹಡಿ ಹತ್ತಿ ಬಂದು ಹೆಂಡತಿಗೆ ಎಲ್ಲ ಹೇಳಿದರು. ವಾಸಂತಿ ಕಸಬರಿಕೆ ಮೂಲೆಗಿಟ್ಟು ಕೈ ತೊಳೆದುಕೊಂಡರು.

“ಅದೆಲ್ಲ ಸರಿ. ನಿಮ್ಮ ಸಾಕ್ಷಿ ಎಲ್ರೀ?”

ರಾಮದಾಸರಿಗೆ ಅರ್ಥವಾಗಲಿಲ್ಲ.

“ಹುಚ್ಚಮ್ಮನ್ನ ಅವತ್ತೇ ಕೆಲಸದಿಂದ ತೆಗೆದ್ರು. ಹದಿನೆಂಟು ದಿವಸದಿಂದ ಈ ಮೆಟ್ಲು ಗುಡಿಸ್ತಿರೋಳು ನಾನು. ಎರಡು ಸಲ ಹೇಳ್ದೆ. ನೀವು ನೋಟೀಸ್ ಓದ್ತಾ ಊಂ ಅಂದ್ರಿ.”

ಅವರಿಗೆ ನಾಚಿಕೆಯಾಯಿತು. ಆದರೆ ನಾಚಿಕೆ ಬಹಳ ಹೊತ್ತು ನಿಲ್ಲಲಿಲ್ಲ, ಅದರ ಜಾಗಕ್ಕೆ ಮತ್ತೆ ಆವೇಶ ಬಂತು. ಮಧ್ಯಾಹ್ನವೆಲ್ಲ ಕೂತು ಕಾರ್ಮಿಕ ಇಲಾಖೆಗೆ ಮೂರು ಪುಟದ ದೂರು ಬರೆದರು. ಕೊನೆಯಲ್ಲಿ ಹುಚ್ಚಮ್ಮನ ಹೆಬ್ಬೆಟ್ಟಿಗೆ ಪೆನ್ಸಿಲಿನಿಂದ ಚೌಕ ಹಾಕಿದರು. ಆಕೆ ಈಗ ಕಾಸಿಮೇಡಿನ ಬಂದರಿನಲ್ಲಿ ಮೀನು ಕೊಯ್ಯುವ ಕೆಲಸಕ್ಕೆ ಹೋಗುತ್ತಾಳೆಂದು ವಾಚ್‌ಮನ್ ಹೇಳಿದ. ಮೀನಿನ ಗಾಡಿ ಎದುರು ಬಂದರೆ ರಸ್ತೆ ದಾಟುವ ರಾಮದಾಸರು ಮರುದಿನ ಬೆಳಕು ಹರಿಯುವ ಹೊತ್ತಿಗೆ ಬಸ್ಸು ಹಿಡಿದು ಹೋದರು. ಅವರ ಪಾಲಿಗೆ ಅದು ಸಣ್ಣ ವಿಷಯವಲ್ಲ.

ಹರಾಜಿನ ಕೂಗು, ಐಸಿನ ನೀರು, ನೂಕುನುಗ್ಗಲು. ಪಂಚೆ ಎತ್ತಿ ಕಟ್ಟಿ, ಮೂಗಿಗೆ ಕರವಸ್ತ್ರ ಒತ್ತಿ ಹುಡುಕಿದರು. ಗೋಡೆಯ ಬದಿಗೆ ಸಾಲಾಗಿ ಕೂತ ಹೆಂಗಸರ ಕೊನೆಯಲ್ಲಿ ಆಕೆ ಇದ್ದಳು. ತಲೆ ಎತ್ತಿ ನೋಡಿದಳು, ನಗಲಿಲ್ಲ. ರಾಮದಾಸರು ದೂರನ್ನು ಬಿಡಿಸಿ ಗಟ್ಟಿಯಾಗಿ ಓದತೊಡಗಿದರು. ಸುತ್ತಲಿನ ಹೆಂಗಸರು ಕತ್ತಿ ನಿಲ್ಲಿಸಿ ಇತ್ತ ತಿರುಗಿದರು. ದೂರದಲ್ಲಿ ನಿಂತು ಕೆಲಸ ಮಾಡಿಸುತ್ತಿದ್ದ ಮೇಸ್ತ್ರಿಯೂ ನೋಡಿದ.

“ಮೆತ್ತಗೆ ಸಾಮಿ,” ಎಂದಳು ಹುಚ್ಚಮ್ಮ. “ಏನದು?”

ನಿನಗಾದ ಅನ್ಯಾಯ ಇದರಲ್ಲಿದೆ, ಹೆಬ್ಬೆಟ್ಟು ಒತ್ತಿದರೆ ಸಾಕು, ಮಾತಾಡುವ ಹಕ್ಕು ನಿನಗೂ ಇದೆ ಎಂದು ಅವರು ವಿವರಿಸಿದರು.

“ಅವತ್ತು ಹಲಗೆ ಮ್ಯಾಗೆ ನನ್ನ ಹೆಸರು ಬರೆಯೋವಾಗ ನನ್ನ ಕೇಳಿದ್ರಾ?”

“ಸಾಕ್ಷಿ ಇಲ್ದೆ ಯಾರು ನಂಬ್ತಾರೆ ಹುಚ್ಚಮ್ಮ?”

ಆಕೆ ಕತ್ತಿಯನ್ನು ಕೆಳಗಿಟ್ಟಳು. ದನಿ ಏರಲಿಲ್ಲ, ಆದರೆ ಅದರಲ್ಲಿ ಕರುಣೆ ಚೂರೂ ಇರಲಿಲ್ಲ.

“ಸಂಪಿನ ಮುಚ್ಚಳಕ್ಕೆ ಬೀಗ ಇರ್ಲಿಲ್ಲ ಸಾಮಿ. ನೀವೇ ಎತ್ತಿ ನೋಡಿದ್ರೆ ನೀವೇ ಸಾಕ್ಷಿ ಆಗ್ತಿದ್ರಿ. ಸತ್ತ ಹೆಗ್ಗಣ ನೋಡಕ್ಕೆ ನಿಮಗೆ ಹೇಸಿಗೆ ಆಯ್ತು. ನನ್ನ ಹೆಸರು ಬರೆಯಕ್ಕೆ ಏನೂ ಆಗ್ಲಿಲ್ಲ.”

ಆಕೆ ಹೇಳಿದ್ದು ಅಕ್ಷರಕ್ಷರವೂ ನಿಜ. ಅಂದು ರಾಮದಾಸರು ಸಂಪಿನ ತನಕ ಹೋಗಿದ್ದರು ಕೂಡ. ಬಗ್ಗಬೇಕು, ಮುಟ್ಟಬೇಕು, ಮತ್ತೆ ಸ್ನಾನ ಮಾಡಬೇಕು ಎಂದು ಹಿಂದಿರುಗಿದ್ದರು.

ಮೇಸ್ತ್ರಿ ಇತ್ತಲೇ ಬರುತ್ತಿದ್ದ. ಹುಚ್ಚಮ್ಮ ತಲೆ ತಗ್ಗಿಸಿ ಮುಂದಿನ ಮೀನನ್ನು ಎಳೆದುಕೊಂಡಳು.

“ಹೋಗಿ ಸಾಮಿ,” ಎಂದಳು. “ಯಾರು ಅಂತ ಕೇಳಿದ್ರೆ ದಾರಿ ಕೇಳಕ್ಕೆ ಬಂದಿದ್ರು ಅಂತೀನಿ.”